ಉಳಿಯಬೇಕಾದ ಸಾಲು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಅದನ್ನು ಅಲ್ಲಿ ಹಾಕಿರುವುದು ದೇವರ ಚಿತ್ರಕ್ಕಾಗಿಯೂ ಅಲ್ಲ, ರಾಹುಕಾಲ ನೋಡುವುದಕ್ಕೂ ಅಲ್ಲ. ತಾರೀಖಿನ ಪಕ್ಕದ ಖಾಲಿ ಜಾಗಕ್ಕಾಗಿ. ಹಾಲು ಅರ್ಧ ಲೀಟರ್ ಹೆಚ್ಚು ತೆಗೆದುಕೊಂಡ ದಿನ, ಸಿಲಿಂಡರ್ ಬದಲಾಯಿಸಿದ ದಿನ, ಕೆಲಸದಾಕೆ ಬಾರದ ದಿನ, ನಮ್ಮ ಯಜಮಾನರ ಬಿ.ಪಿ. ಮಾತ್ರೆ ಮುಗಿಯುವ ದಿನ, ಎಲ್ಲವೂ ಆ ಚೌಕಗಳೊಳಗೆ ನನ್ನ ಇರುವೆಯಂಥ ಅಕ್ಷರಗಳಲ್ಲಿ ಸೇರಿಕೊಂಡಿರುತ್ತವೆ. ಡಿಸೆಂಬರ್ ಮುಗಿಯಿತೆಂದರೆ ಅದು ಬೀರುವಿನ ಖಾನೆಗೆ ಹಾಸುವ ಕಾಗದವಾಗುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು.

ಹೋದ ವರ್ಷ ಗೌರಿಹಬ್ಬಕ್ಕೆ ಬಂದ ಮಗಳು ಆ ಕ್ಯಾಲೆಂಡರಿನ ಮುಂದೆ ನಿಂತು ನಕ್ಕಳು. "ಅಮ್ಮಾ, ನೀನು ಇಲ್ಲಿ ಪುಕ್ಕಟೆ ಮಾಡ್ತಿರೋದನ್ನೇ ನಾನು ಬೆಂಗಳೂರಲ್ಲಿ ಸಂಬಳ ತಗೊಂಡು ಮಾಡ್ತಿದ್ದೀನಿ ನೋಡು" ಎಂದಳು.

ಅವಳು ಎಂಜಿನಿಯರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು 'ಕಂಪ್ಯೂಟರ್' ಎಂದಷ್ಟೇ ಹೇಳಿ ಪಾರಾಗುತ್ತಿದ್ದೆ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಂಡು ಬಂದವಳಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಆದರೆ ಆ ದಿನ ಅವಳು ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ನಾನು ಹುರುಳಿಕಾಯಿ ಮುರಿಯುತ್ತಾ ಪಕ್ಕದಲ್ಲಿ ಕುಳಿತೆ.

"ಏನೇ ಅದು?"

"ಡೈರಿ ಅಮ್ಮ. ಕಂಪ್ಯೂಟರ್ ತನಗೆ ಏನೇನಾಯ್ತು ಅಂತ ತಾನೇ ಬರ್ಕೊಳ್ಳೋ ಡೈರಿ. ಲಾಗ್ ಅಂತೀವಿ. ಆದ್ರೆ ನಿನ್ನ ಕ್ಯಾಲೆಂಡರ್‌ಗಿಲ್ಲದ ಕಷ್ಟ ಇದಕ್ಕಿದೆ. ನೀನು ಬರೀತಿರೋವಾಗ ಮನೆ ಕುಸಿದು ಬೀಳಲ್ಲ. ಇದು ಬರೀತಿರೋವಾಗಲೇ ತಾನೇ ಬಿದ್ದುಹೋಗಬಹುದು. ಬಿದ್ದ ಮೇಲೂ, ಯಾಕೆ ಬಿತ್ತು ಅನ್ನೋ ಸಾಲು ಮಾತ್ರ ಉಳೀಬೇಕು. ಅದನ್ನ ಹೇಗೆ ಉಳಿಸೋದು ಅನ್ನೋದೇ ನನ್ನ ಕೆಲಸ."

ಹುರುಳಿಕಾಯಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ನನಗೂ ಒಂದು ಸಾಲಿನ ನೆನಪಾಯಿತು, ಇಪ್ಪತ್ತೇಳು ವರ್ಷ ಹಿಂದಿನದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಗಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ನಿಮಗೆ ಹೇಳಬೇಕು.

ಕಂಪ್ಯೂಟರಿನಲ್ಲಿ ನಾವು ನೋಡುವುದೆಲ್ಲ ಹಜಾರ, ಬಂದವರನ್ನು ಕೂರಿಸುವ ಜಾಗ. ಮನೆ ನಡೆಯುವುದು ಒಳಗೆ. ಆ ಒಳಗಿನದಕ್ಕೆ ಕೆರ್ನಲ್ ಎಂದು ಹೆಸರು. ಕೆರ್ನಲ್ ಎಂದರೆ ತಿರುಳು. ಕೊಬ್ಬರಿಯ ಸೀಮೆಯಲ್ಲಿ ಬೆಳೆದ ನನಗೆ ಇದು ತಿಳಿಯದ ಮಾತಲ್ಲ. ಯಾವ ಕೆಲಸಕ್ಕೆ ಈಗ ಸರದಿ, ಯಾವುದಕ್ಕೆ ಎಷ್ಟು ಜಾಗ, ಡಿಸ್ಕಿನಿಂದ ಏನು ತರಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದೇ. ಮೇಲಿನ ಪ್ರೋಗ್ರಾಮುಗಳಲ್ಲಿ ಒಂದು ಕೆಟ್ಟರೆ ಅದೊಂದನ್ನು ಮುಚ್ಚಿ ಮತ್ತೆ ತೆರೆಯಬಹುದು. ಕೆರ್ನಲ್ಲೇ ಬಿದ್ದರೆ ಎಲ್ಲವೂ ಬಿತ್ತು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ಕೆರ್ನಲ್ಲೇ ಇಂದು ನಿಮ್ಮ ನನ್ನ ಆಂಡ್ರಾಯ್ಡ್ ಫೋನುಗಳ ಒಳಗೂ ಕುಳಿತಿದೆಯಂತೆ. ಮಗಳು ಕೆಲಸ ಮಾಡುವುದೂ ಅದರ ಮೇಲೆಯೇ.

ಈ ಕೆರ್ನಲ್ ಏಳುವ ಹೊತ್ತಿನಿಂದಲೂ ತನಗಾದದ್ದನ್ನು ಒಂದೊಂದು ಸಾಲಾಗಿ ಬರೆದಿಡುತ್ತದೆ. ಬರೆಯುವ ಜಾಗ ದೊಡ್ಡದೇನಲ್ಲ. ಹಲವು ಕಂಪ್ಯೂಟರುಗಳಲ್ಲಿ 128 ಅಥವಾ 256 ಕಿಲೋಬೈಟು. ನಾವು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಜಾಗ ತುಂಬಿದರೆ ಎಲ್ಲಕ್ಕಿಂತ ಹಳೆಯ ಸಾಲಿನ ಮೇಲೆ ಹೊಸ ಸಾಲು ಬರೆಯುತ್ತಾ ಬಳೆಯಂತೆ ಸುತ್ತು ಹಾಕುತ್ತದೆ. ಪ್ರತಿ ಸಾಲಿಗೂ ಹೊತ್ತಿನ ಗುರುತಿದೆ. ಆದರೆ ಅದು ಗೋಡೆ ಗಡಿಯಾರದ ಹೊತ್ತಲ್ಲ, ತಾನು ಎದ್ದಾಗಿನಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಎಣಿಕೆ. ಗೋಡೆಯ ಗಡಿಯಾರವನ್ನು ಯಾರಾದರೂ ಹಿಂದೆ ಮುಂದೆ ತಿರುಗಿಸಬಹುದು, ಹುಟ್ಟಿದಾಗಿನಿಂದ ಎಣಿಸಿದ್ದು ಹಿಂದಕ್ಕೆ ಹೋಗುವುದಿಲ್ಲ. ಇದು ನನಗೆ ಬಹಳ ಹಿಡಿಸಿತು.

ಆದರೆ ಈ ಡೈರಿ ಇರುವುದು ಮೆಮೊರಿಯಲ್ಲಿ, ಸ್ಲೇಟಿನ ಮೇಲೆ ಬರೆದಂತೆ. ಕರೆಂಟು ಹೋದರೆ ಅಳಿಸಿಹೋಗುತ್ತದೆ. "ಹಾಗಾದ್ರೆ ನೇರವಾಗಿ ಡಿಸ್ಕಿಗೇ ಬರೆದಿಡಬಾರದೇನೇ?" ಎಂದೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ ಅಂತೆ. ಡಿಸ್ಕು ನಿಧಾನ, ಕೆರ್ನಲ್ ಮಾಡುವ ಎಷ್ಟೋ ಕೆಲಸಗಳ ನಡುವೆ ಒಂದು ಕ್ಷಣವೂ ಕಾಯುವ ಹಾಗಿಲ್ಲ. ಒಗ್ಗರಣೆ ಸೀಯುತ್ತಿರುವಾಗ ಲೆಕ್ಕದ ಪುಸ್ತಕ ಹುಡುಕಲು ಹೋಗುತ್ತೇವೆಯೇ? ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಡಿಸ್ಕಿಗೆ ಬರೆಯಬೇಕಾದರೆ ಡಿಸ್ಕನ್ನು ನಡೆಸುವ ಭಾಗ ಸರಿಯಾಗಿರಬೇಕು, ಕಡತಗಳನ್ನು ನೋಡಿಕೊಳ್ಳುವ ಭಾಗ ಸರಿಯಾಗಿರಬೇಕು. ಕೆಟ್ಟಿರುವುದು ಅದೇ ಆಗಿದ್ದರೆ? ಬಾಯಿಯೇ ಹುಣ್ಣಾಗಿರುವಾಗ ನೋವನ್ನು ಬಾಯಿಯಿಂದಲೇ ಹೇಳು ಎಂದ ಹಾಗೆ.

ಅದಕ್ಕೆ ಹಿಂದಿನಿಂದಲೂ ಒಂದು ಏರ್ಪಾಡಿದೆ. ಕೆರ್ನಲ್ ಸ್ಲೇಟಿನ ಮೇಲೆ ಬೇಗ ಬೇಗ ಗೀಚುತ್ತದೆ. ಹೊರಗೆ ಕುಳಿತ ಇನ್ನೊಂದು ಪ್ರೋಗ್ರಾಮು ಅದನ್ನು ನೋಡಿ ಬಿಡುವಾಗಿ ಪುಸ್ತಕಕ್ಕೆ ಏರಿಸುತ್ತದೆ. ಇಂಥ ದಾಖಲೆಗೆ ಎಲ್ಲರೂ ಒಪ್ಪಿದ ಸಿಸ್‌ಲಾಗ್ ಎಂಬ ಕ್ರಮವನ್ನು 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಎಂಬುವರು ತಮ್ಮ ಅಂಚೆ ಪ್ರೋಗ್ರಾಮಿಗಾಗಿ ಮಾಡಿಕೊಂಡಿದ್ದರು. ಅದು ಎಲ್ಲ ಕಡೆಗೂ ಹರಡಿತು. ಗೀಚಿದ್ದಕ್ಕೂ ಏರಿಸಿದ್ದಕ್ಕೂ ನಡುವೆ ಒಂದು ಸಣ್ಣ ಸಂದಿ ಮಾತ್ರ ಉಳಿಯಿತು. ಯಂತ್ರ ಬೀಳುವುದು ಆ ಸಂದಿಯಲ್ಲೇ. ನೂರು ದಿನ 'ಎಲ್ಲ ಕ್ಷೇಮ' ಎಂದು ಬರೆದ ಸಾಲುಗಳು ಭದ್ರವಾಗಿ ಉಳಿದು, ಯಾವ ಸಾಲು ಬೇಕಾಗಿತ್ತೋ ಅದೊಂದೇ ಇರುವುದಿಲ್ಲ.

ಈ ಸಂದಿಯನ್ನು ಮುಚ್ಚಲು ಜನ ಹೂಡಿರುವ ಉಪಾಯಗಳನ್ನು ಕೇಳುತ್ತಾ ನನಗೆ ನಮ್ಮ ಬೀದಿಯ ಹೆಂಗಸರೇ ಕಣ್ಣಿಗೆ ಬಂದರು. ಒಂದು, ಬೀಳುವ ಮುಂಚೆಯೇ ಪಕ್ಕದ ಯಂತ್ರಕ್ಕೆ ತಂತಿಯ ಮೂಲಕ ಕೂಗಿ ಹೇಳಿಬಿಡುವುದು; ಗೋಡೆಯಾಚೆಯ ಪಕ್ಕದ ಮನೆಯಾಕೆಗೆ ನಾವು ಹೇಳುವುದಿಲ್ಲವೇ, ಹಾಗೆ. ಎರಡು, ಮೆಮೊರಿಯಲ್ಲೇ ಒಂದು ಮೂಲೆಯನ್ನು ಯಾರೂ ಮುಟ್ಟದಂತೆ ಮೀಸಲಿಟ್ಟು, ಬೀಳುವ ಗಳಿಗೆಯಲ್ಲಿ ಕೊನೆಯ ಮಾತುಗಳನ್ನು ಅಲ್ಲಿ ಬರೆದಿಡುವುದು. ಕರೆಂಟು ಪೂರ್ತಿ ಹೋಗದೆ ಯಂತ್ರ ಮತ್ತೆ ಎದ್ದರೆ ಮೊದಲು ಆ ಮೂಲೆಯನ್ನು ನೋಡುತ್ತದೆ. ಕೆಲವು ಯಂತ್ರಗಳಲ್ಲಿ ಕರೆಂಟು ಹೋದರೂ ಅಳಿಯದ ಸಣ್ಣ ಚಿಪ್ಪಿನಲ್ಲೇ ಆ ಮೂಲೆ ಇರುತ್ತದೆ. ಪಿಸ್ಟೋರ್ ಎಂಬ ಈ ವ್ಯವಸ್ಥೆ ಲಿನಕ್ಸಿಗೆ ಸೇರಿದ್ದು 2011ರಲ್ಲಿ.

ಮೂರನೆಯದು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅದಕ್ಕೆ ಕೆಡಂಪ್ ಎನ್ನುತ್ತಾರಂತೆ. ಎಲ್ಲ ಚೆನ್ನಾಗಿರುವಾಗಲೇ ಮೆಮೊರಿಯ ಒಂದು ಕೋಣೆಯಲ್ಲಿ ಎರಡನೆಯ ಪುಟ್ಟ ಕೆರ್ನಲ್ಲನ್ನು ತಂದು ಮಲಗಿಸಿರುತ್ತಾರೆ. ಅದಕ್ಕೆ ಬೇರೆ ಕೆಲಸವಿಲ್ಲ. ಮೊದಲನೆಯದು ಬಿದ್ದರೆ ಎರಡನೆಯದು ಎದ್ದು, ಬಿದ್ದುದರ ಮೆಮೊರಿಯನ್ನು ಇದ್ದದ್ದು ಇದ್ದಂತೆ ಡಿಸ್ಕಿಗೆ ಇಳಿಸುತ್ತದೆ. "ಬಿದ್ದಿದ್ದೇ ಬರೀಬಾರದಾ?" ಎಂದರೆ ಮಗಳು ತಲೆಯಾಡಿಸಿದಳು. "ಬಿದ್ದಿದ್ದರ ಮಾತು ನಂಬೋಕಾಗಲ್ಲ ಅಮ್ಮ. ಆ ಹೊತ್ತಲ್ಲಿ ಅದು ಡಿಸ್ಕಿಗೆ ಕೈಯಿಟ್ಟರೆ ಒಳ್ಳೇ ಕಡತಗಳನ್ನೂ ಕೆಡಿಸಿಬಿಡಬಹುದು. ತಪ್ಪು ಮಾಡಿದವರ ಕೈಗೇ ಆ ತಪ್ಪಿನ ದಾಖಲೆ ಬರೆಯೋ ಪೆನ್ನು ಕೊಡಬಾರದು."

ಅವಳು ಯಂತ್ರದ ಮಾತು ಆಡಿದ್ದಳು. ನನಗೆ ಯಾಕೋ ಚುಚ್ಚಿತು.

ಮಗಳ ಯಂತ್ರ ಹೊಲಗದ್ದೆಗಳ ನಡುವೆ ಒಂದು ಡಬ್ಬಿಯಲ್ಲಿ ಕುಳಿತಿರುವಂಥದು. ಪಕ್ಕದಲ್ಲಿ ಕೂಗಿ ಹೇಳಲು ಇನ್ನೊಂದು ಯಂತ್ರವಿಲ್ಲ, ಎರಡನೆಯ ಕೆರ್ನಲ್ಲನ್ನು ಮಲಗಿಸುವಷ್ಟು ಜಾಗವೂ ಇಲ್ಲ. ಇರುವುದು ಫ್ಲಾಷ್ ಎಂಬ ಸಣ್ಣ ಚಿಪ್ಪು. ಅದಕ್ಕೂ ಒಂದು ಆಯುಷ್ಯ. ಇಷ್ಟು ಸಲ ಅಳಿಸಿ ಬರೆದರೆ ಸವೆದುಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಬರೆಯುವಂತಿಲ್ಲ, ಬರೆಯದೆಯೂ ಇರುವಂತಿಲ್ಲ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಕೊಡುತ್ತಾರೆ. ನಡುವೆ ಒಂದು ಕಳೆದರೆ ಗೊತ್ತಾಗಲಿ ಎಂದು. ಸಾಲಿನ ಕೊನೆಗೆ ಒಂದು ತಾಳೆಯ ಅಂಕಿ ಹಾಕುತ್ತಾರೆ. ಅರ್ಧ ಬರೆದಾಗ ಕರೆಂಟು ಹೋಗಿದ್ದರೆ ಆ ಅಂಕಿ ತಾಳೆಯಾಗುವುದಿಲ್ಲ, ಅರ್ಧ ಸತ್ಯವನ್ನು ಪೂರ್ತಿ ಸತ್ಯವೆಂದು ಯಾರೂ ಓದುವುದಿಲ್ಲ. ಇನ್ನೊಂದು ನಿಯಮ: ಚಿಪ್ಪಿಗೆ ಸಾಲು ನಿಜವಾಗಿ ಮುಟ್ಟುವ ತನಕ 'ಬರೆದಾಯಿತು' ಎಂದು ಹೇಳಕೂಡದು. ಬರೆಯಲು ಹೇಳಿದ್ದು ಬೇರೆ, ಬರೆದು ಮುಗಿದದ್ದು ಬೇರೆ.

ಏನು ಬರೆಯಬೇಕು ಎಂಬುದಕ್ಕೂ ದರ್ಜೆಗಳಿವೆ. ಸೊನ್ನೆಯಿಂದ ಏಳರವರೆಗೆ ಎಂಟು. ಸೊನ್ನೆ ಎಂದರೆ ಮನೆಗೆ ಬೆಂಕಿ ಬಿತ್ತು, ಏಳು ಎಂದರೆ ಹಾದಿಹೋಕ ಮಾತು. ನಾನು ನಕ್ಕೆ. ನಮ್ಮ ಯಜಮಾನರಿಗೆ ಕನ್ನಡಕ ಸಿಗದಿದ್ದರೆ ಅದು ಸೊನ್ನೆ. ನನಗೆ ನಾಲ್ಕು ದಿನದಿಂದ ಸೊಂಟ ನೋವಿದ್ದರೆ ಅದು ಏಳು. ದರ್ಜೆ ಕೊಡುವವರು ಯಾರು ಎಂಬುದರ ಮೇಲೆಯೇ ಸಂಸಾರ ನಿಂತಿದೆಯಲ್ಲವೇ?

ಒಂದೇ ದೂರನ್ನು ಎಡೆಬಿಡದೆ ಹೇಳುವ ಭಾಗಗಳೂ ಇರುತ್ತವಂತೆ. ಅವುಗಳ ಗದ್ದಲದಲ್ಲಿ ಬೇರೆಯವರ ಸಾಲು ಮುಚ್ಚಿಹೋಗಬಾರದೆಂದು ಲಿನಕ್ಸಿನಲ್ಲಿ ಒಂದು ಮಿತಿಯಿದೆ: ಸಾಮಾನ್ಯವಾಗಿ 5 ಸೆಕೆಂಡಿಗೆ 10 ಸಾಲು. ಮಿಕ್ಕವನ್ನು ಬಿಟ್ಟುಬಿಡುತ್ತದೆ. ಆದರೆ ಸುಮ್ಮನೆ ಬಿಡುವುದಿಲ್ಲ. 'ಇಷ್ಟು ಸಾಲುಗಳನ್ನು ಬಿಟ್ಟಿದ್ದೇನೆ' ಎಂದು ಲೆಕ್ಕ ಬರೆದಿಡುತ್ತದೆ. ಎಲ್ಲವನ್ನೂ ಹೇಳಲಾರೆ, ಆದರೆ ಎಷ್ಟನ್ನು ಹೇಳಲಿಲ್ಲ ಎಂಬುದನ್ನು ಮುಚ್ಚಿಡಲಾರೆ ಎಂಬ ಈ ಮರ್ಯಾದೆಯನ್ನು ನಾನು ಬಹಳ ಮನುಷ್ಯರಲ್ಲಿ ಕಂಡಿಲ್ಲ.

ಕೊನೆಗೆ ಅವಳು ತಮ್ಮ ತಂಡದಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಮಾತು ಹೇಳಿದಳು. "ಆಗಿದ್ದನ್ನ ಬರಿ, ಅಂದ್ಕೊಂಡಿದ್ದನ್ನ ಬರೀಬೇಡ." ಡಿಸ್ಕು ಕೆಟ್ಟಿದೆ ಎಂದು ಬರೆಯಬಾರದು. ಇಂಥ ಜಾಗದಿಂದ ಓದಲು ಕೇಳಿದೆ, ಇಷ್ಟು ಹೊತ್ತು ಕಾದೆ, ಉತ್ತರ ಬರಲಿಲ್ಲ ಎಂದು ಬರೆಯಬೇಕು. ಡಿಸ್ಕು ಸರಿಯಾಗಿಯೇ ಇದ್ದು ತಂತಿ ಸಡಿಲವಾಗಿರಬಹುದು. 'ಕೆಟ್ಟಿದೆ' ಎಂದು ಬರೆದರೆ ಓದಿದವರು ಡಿಸ್ಕನ್ನು ಎಸೆಯುತ್ತಾರೆ, ತಂತಿಯನ್ನು ನೋಡುವುದಿಲ್ಲ.

ಈಗ ನನ್ನ ಸಾಲಿಗೆ ಬರುತ್ತೇನೆ.

1998ರಲ್ಲಿ ನಾನು ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ಕ್ಲಾಸ್ ಟೀಚರು. ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಡುವುದೆಂದಾಗಿ ತಲಾ 60 ರೂಪಾಯಿಯಂತೆ ಹಣ ಎತ್ತುತ್ತಿದ್ದೆ. ಒಂದು ಹಾಳೆಯಲ್ಲಿ ಹೆಸರುಗಳು, ಕೊಟ್ಟವರ ಹೆಸರಿನ ಮುಂದೆ ಒಂದು ರೈಟ್ ಗುರುತು. ಹಣ ಮೇಜಿನ ಡ್ರಾಯರಿನ ಕವರಿನಲ್ಲಿ. ಒಂದು ಸಂಜೆ ಎಣಿಸಿದರೆ ಗುರುತುಗಳ ಲೆಕ್ಕಕ್ಕೆ 120 ರೂಪಾಯಿ ಕಡಿಮೆ. ಮತ್ತೆ ಎಣಿಸಿದೆ, ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ತರಗತಿಯಲ್ಲಿ ಒಬ್ಬಳೇ ಕುಳಿತಿರುತ್ತಿದ್ದ ಒಂದು ಹುಡುಗಿಯಿದ್ದಳು. ಬುತ್ತಿ ತರುತ್ತಿರಲಿಲ್ಲ, ಆದ್ದರಿಂದ ಹೊರಗೆ ಹೋಗುತ್ತಿರಲಿಲ್ಲ. ಪ್ರವಾಸಕ್ಕೆ ಹೆಸರನ್ನೂ ಕೊಟ್ಟಿರಲಿಲ್ಲ. ನನ್ನ ಮನಸ್ಸು ಆ ಎರಡನ್ನೂ ಕೂಡಿಸಿ ಉತ್ತರ ಬರೆದುಕೊಂಡುಬಿಟ್ಟಿತು.

ಕೇಳಿದೆ. ಅವಳು "ನಾನಲ್ಲ ಮಿಸ್" ಎಂದಳು. ಮತ್ತೆ ಕೇಳಿದೆ. ಅತ್ತಳು. ಅಳುವನ್ನು ನಾನು ಒಪ್ಪಿಗೆ ಎಂದು ಓದಿದೆ. ಮಕ್ಕಳ ನಡತೆಯ ಬಗ್ಗೆ ಬರೆದಿಡುವ ಉದ್ದನೆಯ ಪುಸ್ತಕವೊಂದು ಹೆಡ್‌ಮಾಸ್ಟರ ಕೋಣೆಯಲ್ಲಿತ್ತು. ಅದರಲ್ಲಿ ಅವಳ ಹೆಸರು ಬರೆದು, 'ಪ್ರವಾಸದ ಹಣ 120 ರೂಪಾಯಿ ಕಳವು ಮಾಡಿದ್ದಾಳೆ' ಎಂದು ನೀಲಿ ಶಾಯಿಯಲ್ಲಿ, ದುಂಡಗೆ, ಬರೆದೆ. ಅವಳ ತಂದೆಯನ್ನು ಕರೆಸಿ ಅದರ ಕೆಳಗೆ ಹೆಬ್ಬೆಟ್ಟು ಹಾಕಿಸಿದೆವು. ಆತ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಎರಡು ವಾರದ ಮೇಲೆ ಇಬ್ಬರು ಹುಡುಗರು ನನ್ನ ಮೇಜಿನ ಹತ್ತಿರ ಬಂದು, "ಮಿಸ್, ಅವತ್ತು ನಾಳೆ ಕೊಡ್ತೀವಿ ಅಂದಿದ್ವಲ್ಲ" ಎಂದು ತಲಾ 60 ರೂಪಾಯಿ ಇಟ್ಟರು. ನನಗೆ ಆಗ ನೆನಪಾಯಿತು. ಅವರು 'ನಾಳೆ' ಎಂದಿದ್ದರು. ಹೇಗೂ ಕೊಡುತ್ತಾರೆಂದು ನಾನು ಗುರುತು ಹಾಕಿಬಿಟ್ಟಿದ್ದೆ. ಹಣ ಎಂದೂ ಕಳೆದೇ ಇರಲಿಲ್ಲ. ಕೈಸೇರುವ ಮುಂಚೆಯೇ ಸೇರಿತೆಂದು ಬರೆದವಳು ನಾನು. ನನ್ನ ಲೆಕ್ಕವೇ ಸುಳ್ಳಾಗಿತ್ತು. ಆ ಸುಳ್ಳು ಲೆಕ್ಕವನ್ನು ಮುಂದಿಟ್ಟುಕೊಂಡು ಒಂದು ಹುಡುಗಿಯನ್ನು ಕಳ್ಳಿ ಎಂದಿದ್ದೆ.

ಹೆಡ್‌ಮಾಸ್ಟರಿಗೆ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ಆ ಪುಸ್ತಕ ಯಾರು ನೋಡ್ತಾರೆ" ಎಂದರು. ಪುಟಗಳಿಗೆ ನಂಬರು ಹಾಕಿದ್ದರಿಂದ ಹರಿಯುವಂತಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆಯಬಹುದಿತ್ತು. ಬರೆದರೆ ನನ್ನ ತಪ್ಪಿಗೆ ನನ್ನದೇ ಸಹಿ ಬೀಳುತ್ತಿತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬರೆಯಲಿಲ್ಲ. ಅವಳ ಬೀದಿಯ ಮಕ್ಕಳ ಕೈಲಿ ಹೇಳಿ ಕಳಿಸಿದೆ: "ಬರೋದಕ್ಕೆ ಹೇಳ್ರೋ, ಮಿಸ್ ಬಯ್ಯೋದಿಲ್ಲ ಅಂತ." ಈಗ ಆ ಮಾತು ನೆನೆದರೆ ಮೈ ಕಂಪಿಸುತ್ತದೆ. ತಪ್ಪು ಮಾಡಿದವಳು ನಾನು, ಕ್ಷಮಿಸುತ್ತೇನೆ ಎಂದು ಹೇಳಿ ಕಳಿಸಿದ್ದು ಅವಳಿಗೆ! ಅವಳು ಬರಲಿಲ್ಲ. ಮುಂದಿನ ಜೂನ್ ಹೊತ್ತಿಗೆ ಆ ಸಂಸಾರ ಬೆಂಗಳೂರಿನ ಕಡೆಗೆ ಹೋಯಿತೆಂದು ಕೇಳಿದೆ.

ಇದನ್ನು ಮಗಳಿಗೆ ಹೇಳಿದ್ದು ಆ ದಿನವೇ ಮೊದಲು. ಅವಳು ಸಮಾಧಾನ ಹೇಳಲಿಲ್ಲ. ಅದು ಅವಳ ದೊಡ್ಡ ಗುಣ. ಸ್ವಲ್ಪ ಹೊತ್ತು ಸುಮ್ಮನಿದ್ದು ಬ್ರಿಟನ್ನಿನ ಒಂದು ಸಂಗತಿ ಹೇಳಿದಳು. ಅಲ್ಲಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕವನ್ನು ತಂದಿತು. ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರ ಪೆಟ್ಟಿಗೆಯಲ್ಲಿ ಇಷ್ಟು ಹಣ ಕಡಿಮೆಯಿದೆ ಎಂದು ಅದು ತೋರಿಸತೊಡಗಿತು. ತೋರಿಸಿದ್ದನ್ನೇ ಕಳವು ಎಂದು ಓದಿದರು. 2015ರವರೆಗೆ 900ಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. ಮನೆ ಮಾರಿ ಇಲ್ಲದ ಸಾಲ ತೀರಿಸಿದವರಿದ್ದರು. ಭಾರತೀಯ ಮೂಲದ ಹೆಣ್ಣುಮಗಳೊಬ್ಬಳು 2010ರಲ್ಲಿ ಬಸುರಿಯಾಗಿರುವಾಗಲೇ ಜೈಲಿಗೆ ಹೋದಳು.

ಕಂಪ್ಯೂಟರು ಸರಿಯಾಗಿಯೇ ಕೆಲಸ ಮಾಡಿರುತ್ತದೆ ಎಂದು ಮೊದಲೇ ನಂಬಿಕೊಳ್ಳುವುದು ಆ ದೇಶದ ನ್ಯಾಯಾಲಯಗಳ ಪದ್ಧತಿಯಾಗಿತ್ತು. ತಪ್ಪಿದೆ ಎಂದು ತೋರಿಸುವ ಹೊಣೆ ಆಪಾದಿತರದು. ಶಾಖೆಯವರಿಗೆ ತಿಳಿಯದಂತೆ ದೂರದಿಂದಲೇ ಅವರ ಲೆಕ್ಕದೊಳಗೆ ಕೈಹಾಕಲು ಸಾಧ್ಯವಿತ್ತೆಂಬುದು ಬಹಳ ತಡವಾಗಿ ಹೊರಬಿತ್ತು. ಆ ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತು. 2021ರ ಏಪ್ರಿಲಿನಲ್ಲಿ 39 ಜನರ ಶಿಕ್ಷೆ ಒಟ್ಟಿಗೆ ರದ್ದಾಯಿತು. ಜೈಲಿಗೆ ಹೋದ ಆ ಹೆಣ್ಣುಮಗಳೂ ಅವರಲ್ಲಿದ್ದಳು. 2024ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಿ ಉಳಿದ ನೂರಾರು ಜನರ ಶಿಕ್ಷೆ ತೊಡೆದುಹಾಕಿತು.

ಕೇಳುತ್ತಾ ಹೋದಂತೆ ಅಲ್ಲಿನ ಪ್ರತಿ ಅಂಚೆ ಕಚೇರಿಯಲ್ಲೂ ನನ್ನ ಮೇಜಿನ ಡ್ರಾಯರೇ ಕಂಡಿತು. ನಾನು ಕಂಪ್ಯೂಟರಲ್ಲದಿರಬಹುದು. ಆದರೆ ಆ ತಂದೆಯ ಕಣ್ಣಿಗೆ, ಓದಲು ಬಾರದ ಆ ನೀಲಿ ಸಾಲು ಅಷ್ಟೇ ದೊಡ್ಡದಾಗಿತ್ತು. ಬರೆದದ್ದಕ್ಕೆ ಒಂದು ಅಧಿಕಾರವಿದೆ. ಬರೆದವರ ಕೈ ತಪ್ಪಿರಬಹುದು ಎಂದು ಬರಹ ತಾನಾಗಿ ಹೇಳುವುದಿಲ್ಲ, ನಾವು ಹೇಳಿಸಬೇಕು.

ನಮ್ಮ ಹಿರಿಯರು ಚಿತ್ರಗುಪ್ತನ ಲೆಕ್ಕದ ಮಾತು ಹೇಳುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದರ ಭಯವಿತ್ತು. ಈಗ ಇರುವ ಪ್ರಶ್ನೆ ಬೇರೆ. ಚಿತ್ರಗುಪ್ತನಿಗೇ ಕೈತಪ್ಪಾದರೆ ಅದನ್ನು ಯಾವ ಪುಟದಲ್ಲಿ ಬರೆದುಕೊಳ್ಳುತ್ತಾನೆ? ಪರರ ತಪ್ಪನ್ನು ಬರೆಯುವ ಯಾರಿಗಾದರೂ ತನ್ನ ತಪ್ಪಿಗೂ ಅದೇ ಪುಸ್ತಕದಲ್ಲಿ ಅಷ್ಟೇ ಜಾಗ ಇರಬೇಡವೇ?

ಮಗಳ ವಿದ್ಯೆಯಲ್ಲಿ ಇದಕ್ಕೊಂದು ಕ್ರಮವಿದೆ. ಒಳ್ಳೆಯ ಲಾಗಿನಲ್ಲಿ ಹಳೆಯ ಸಾಲನ್ನು ಯಾರೂ ತಿದ್ದುವುದಿಲ್ಲ, ಅಳಿಸುವುದಿಲ್ಲ; ಕೆಳಗೆ ಹೊಸದು ಸೇರಿಸುತ್ತಾರೆ. 2012ರಿಂದ ಲಿನಕ್ಸಿನ ಒಂದು ದಾಖಲೆ ವ್ಯವಸ್ಥೆಯಲ್ಲಿ, ಬೇಕೆಂದರೆ, ಸಾಮಾನ್ಯವಾಗಿ ಹದಿನೈದು ನಿಮಿಷಕ್ಕೊಮ್ಮೆ ಅಲ್ಲಿಯತನಕ ಬರೆದದ್ದಕ್ಕೆ ಮುದ್ರೆ ಒತ್ತುವ ಏರ್ಪಾಡಿದೆ. ಒತ್ತಿದ ಮೇಲೆ ಮುದ್ರೆ ಬದಲಾಗುತ್ತದೆ, ಹಳೆಯದು ನಾಶವಾಗುತ್ತದೆ. ತಾಳೆ ನೋಡುವ ಕೀಲಿಯನ್ನು ಆ ಯಂತ್ರದಲ್ಲಿಡದೆ ಬೇರೆ ಕಡೆ ಇಡಬೇಕು. ನಾಳೆ ಯಾರಾದರೂ ಯಂತ್ರದೊಳಗೆ ನುಗ್ಗಿ ನಿನ್ನೆಯ ಸಾಲನ್ನು ತಿದ್ದಿದರೆ ಮುದ್ರೆ ಹೊಂದುವುದಿಲ್ಲ, ಗೊತ್ತಾಗುತ್ತದೆ.

ಹಾಗಾದರೆ ಮರೆವು ಬೇಡವೇ ಎಂದು ನೀವು ಕೇಳಬಹುದು. ಮರೆಯದಿದ್ದರೆ ಯಾವ ಹೆಂಗಸೂ ಒಂದು ಮನೆಯಲ್ಲಿ ಮೂವತ್ತು ವರ್ಷ ಬಾಳಲಾರಳು. ಅತ್ತೆ ಅಂದದ್ದು, ನಾದಿನಿ ಆಡಿದ್ದು, ಹಬ್ಬದ ಸೀರೆಯಲ್ಲಿ ಆದ ಭೇದ ಇವೆಲ್ಲ ಬಳೆಯ ಸುತ್ತಿನಲ್ಲಿ ಅಳಿಸಿಹೋಗಲೆಂದೇ ಇರುವ ಸಾಲುಗಳು. ಕೆರ್ನಲ್ ಕೂಡ ಅಂಥವನ್ನು ಹಾಗೇ ಬಿಡುತ್ತದೆ. ಮರೆವು ದೋಷವಲ್ಲ. ನಮಗೆ ಅನ್ಯಾಯವಾದ ಸಾಲನ್ನು ಅಳಿಸುವ ಹಕ್ಕು ನಮಗಿದೆ, ಅದು ದೊಡ್ಡತನವೂ ಹೌದು. ನಮ್ಮಿಂದ ಅನ್ಯಾಯವಾದ ಸಾಲನ್ನು ಅಳಿಸುವ ಹಕ್ಕು ಮಾತ್ರ ನಮಗಿಲ್ಲ. ಅದು ಇನ್ನೊಬ್ಬರ ಸೊತ್ತು. ನಾನು ಮಾಡಿದ್ದು ಇದರ ತಿರುವುಮುರುವು: ಅತ್ತೆಯವರ ಮಾತನ್ನು ಇಪ್ಪತ್ತು ವರ್ಷ ಜೋಪಾನ ಮಾಡಿದೆ, ಆ ಹುಡುಗಿಯದನ್ನು ಎರಡು ವಾರದಲ್ಲಿ ಮುಚ್ಚಿಟ್ಟೆ.

"ಆ ಪುಸ್ತಕ ಇನ್ನೂ ಇದೆಯಾ ಅಮ್ಮ?" ಎಂದು ಮಗಳು ಕೇಳಿದಳು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಶಾಲೆಯಲ್ಲಿ ನನ್ನ ಕಾಲದವರು ಯಾರೂ ಇಲ್ಲ. ಈಗಿನ ಮುಖ್ಯೋಪಾಧ್ಯಾಯಿನಿ ನನಗಿಂತ ಚಿಕ್ಕವರು, ಕೂರಿಸಿ ಕಾಫಿ ಕೊಟ್ಟರು. ಹಳೆಯ ಪುಸ್ತಕ ನೋಡಬೇಕು, ಅದರಲ್ಲಿ ಒಂದು ಸಾಲು ಸೇರಿಸಬೇಕು ಎಂದೆ. ಅವರು ಸ್ವಲ್ಪ ವಿಚಿತ್ರವಾಗಿ ನೋಡಿದರೂ ಜವಾನರನ್ನು ಕರೆದು ಕಬ್ಬಿಣದ ಟ್ರಂಕು ತೆಗೆಸಿದರು. ಮೇಲಿನ ಹಾಜರಿ ಪುಸ್ತಕಗಳು ಚೆನ್ನಾಗಿದ್ದವು. ಕೆಳಗಿನವೆಲ್ಲ ಗೆದ್ದಲು ತಿಂದು ಮಣ್ಣಿನ ಹೆಂಟೆಯಾಗಿದ್ದವು. ಉದ್ದನೆಯ ಆ ಪುಸ್ತಕದ ರಟ್ಟಿನ ಒಂದು ಮೂಲೆ ಕೈಗೆ ಬಂತು, ಒಳಗೆ ಏನೂ ಇರಲಿಲ್ಲ.

ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಹಾಯೆನಿಸಿತು. ಸಾಲು ಹೋಯಿತು, ಇನ್ನು ಯಾರೂ ಓದುವುದಿಲ್ಲ ಎಂದು. ಮರುಗಳಿಗೆಯಲ್ಲೇ ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಕಾಗದದ ಸಾಲು ಗೆದ್ದಲಿಗೆ ಹೋಯಿತು ಸರಿ. ಆ ಸಾಲು ನಿಜವಾಗಿ ಬರೆಯಲ್ಪಟ್ಟಿದ್ದು ಕಾಗದದ ಮೇಲೆಯೇ? ನಲವತ್ತು ದಾಟಿರುವ ಒಬ್ಬ ಹೆಣ್ಣುಮಗಳು ಎಲ್ಲೋ ಇದ್ದಾಳೆ. ಅವಳಲ್ಲಿ ಅದು ಅಳಿದಿರಲಾರದು. ಅಳಿದದ್ದು ನಾನು ತಿದ್ದಬಹುದಾಗಿದ್ದ ಪುಟ ಮಾತ್ರ.

ಇಂದಿಗೂ ನಾನು ತರಗತಿಗೆ ಹೋಗುತ್ತೇನೆ. ಮಕ್ಕಳ ಬಗ್ಗೆ ಏನಾದರೂ ಬರೆಯಬೇಕಾಗಿ ಬಂದರೆ ಪೆನ್ನು ಎತ್ತುವ ಮುಂಚೆ ಮಗಳ ಮಾತು ನೆನಪಿಸಿಕೊಳ್ಳುತ್ತೇನೆ. 'ಸೋಮಾರಿ' ಎಂದು ಬರೆಯುವುದಿಲ್ಲ, 'ಈ ವಾರ ಮೂರು ದಿನ ಮನೆಗೆಲಸ ತಂದಿಲ್ಲ' ಎಂದು ಬರೆಯುತ್ತೇನೆ. ಯಾಕೆ ತರಲಿಲ್ಲ ಎಂಬ ಜಾಗವನ್ನು ಖಾಲಿ ಬಿಡುತ್ತೇನೆ, ಮಗು ಬಂದು ಹೇಳಲಿ ಎಂದು.

ಆ ಪುಸ್ತಕದಲ್ಲಿ ಬರೆಯಲಾಗದ್ದನ್ನು ಈ ಪುಸ್ತಕದಲ್ಲಿ ಬರೆಯುತ್ತೇನೆ. ಆಗಿದ್ದನ್ನು ಮಾತ್ರ:

1998. ಪ್ರವಾಸದ ಹಣದ ಪಟ್ಟಿಯಲ್ಲಿ ಇಬ್ಬರು ಕೊಡುವ ಮುಂಚೆಯೇ ಕೊಟ್ಟರೆಂದು ಗುರುತು ಹಾಕಿದ್ದೆ. ಎಣಿಸಿದಾಗ 120 ರೂಪಾಯಿ ಕಡಿಮೆ ಬಂತು. ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. ತಾನಲ್ಲ ಎಂದಳು. ಎರಡು ವಾರದ ನಂತರ ಆ ಇಬ್ಬರು ಹಣ ತಂದುಕೊಟ್ಟರು. ಅವಳು ಹೇಳಿದ್ದು ನಿಜವಾಗಿತ್ತು. ಅದನ್ನು ನಾನು ಆಗ ಬರೆಯಲಿಲ್ಲ.